ಲಿವರ್ ಫೈಲಿನೊಳಗೆ ಸಿಕ್ಕಿದ ಹೃದಯ: ಒಂದು ಪ್ರಕರಣ

ಈ ರೋಗಿ ನಮ್ಮ ಹೃದಯ ಮತ್ತು ಎದೆ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಬಂದದ್ದು ತಡವಾಗಿ, ಅದೂ ಅಡ್ಡದಾರಿಯಲ್ಲಿ. ಗುರುತು ಸಿಗಬಾರದು ಅಂತ ವಯಸ್ಸು, ಊರು, ಕೆಲವು ವಿವರ ಬದಲಿಸಿದ್ದೇನೆ. ಯಾವ ಆಸ್ಪತ್ರೆಯ ಹೆಸರೂ ಇಲ್ಲಿಲ್ಲ, ನಮ್ಮದೂ ಸೇರಿ.

ಹಿನ್ನೆಲೆ

ವಯಸ್ಸು 41. ಗಾರೆ ಕೆಲಸ. ವಾರ್ಡಿನಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು, ಇಲ್ಲೂ ಹಾಗೇ ಕರೆಯುತ್ತೇನೆ. ಎರಡೂವರೆ ವರ್ಷದಿಂದ ಹೊಟ್ಟೆ ಊದಿಕೊಂಡಿತ್ತು. ಮೊದಲು ಲುಂಗಿ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಜಾರುತ್ತಿತ್ತು. ಆಮೇಲೆ ಬಗ್ಗಿ ಇಟ್ಟಿಗೆ ಎತ್ತಲು ಆಗದಾಯಿತು. ಆಮೇಲೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಕೈ, ಭುಜ, ಕೆನ್ನೆ ಎಲ್ಲ ಸೊರಗಿ, ಹೊಟ್ಟೆ ಒಂದೇ ಮುಂದೆ ಬಂದಿತ್ತು. ಕಾಲು ಮಾತ್ರ ಸಂಜೆ ಹೊತ್ತಿಗೆ ಅಷ್ಟಿಷ್ಟು ಬಾತುಕೊಳ್ಳುತ್ತಿತ್ತು, ಬೆಳಿಗ್ಗೆಗೆ ಇಳಿದುಹೋಗುತ್ತಿತ್ತು.

ಕಣ್ಣು ಸ್ವಲ್ಪ ಹಳದಿ ಇದ್ದದ್ದರಿಂದ ಮನೆಯವರು ಮೊದಲು ಕಾಮಾಲೆ ಅಂದುಕೊಂಡು ನೆಲನೆಲ್ಲಿ ಅರೆದು ಕುಡಿಸಿದರು. ಆಮೇಲೆ ಊರ ಡಾಕ್ಟರು, ಆಮೇಲೆ ದೊಡ್ಡಾಸ್ಪತ್ರೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ ಅವರ ಹೆಂಡತಿಗೆ ಇವತ್ತಿಗೂ ಬಾಯಿಪಾಠ: "ಎಷ್ಟು ವರ್ಷದಿಂದ ಕುಡೀತಿದ್ದೀಯಪ್ಪಾ?"

ಕುಡೀತೀಯಾ ಅಂತಲ್ಲ. ಎಷ್ಟು ವರ್ಷದಿಂದ ಅಂತ.

ಮೇಸ್ತ್ರಿ ಕುಡಿಯುವವರಲ್ಲ. ಬೀಡಿ ಇತ್ತು, ಅದನ್ನೂ ಬಿಟ್ಟು ಆರು ವರ್ಷವಾಗಿತ್ತು. ಆದರೆ ಗಾರೆ ಕೆಲಸ, ಹಳದಿ ಕಣ್ಣು, ದೊಡ್ಡ ಹೊಟ್ಟೆ ಮೂರೂ ಒಟ್ಟಿಗೆ ಬಂದರೆ ನಮ್ಮ ಕಡೆ ಯಾರಾದರೂ ಏನು ಅಂದುಕೊಳ್ಳುತ್ತಾರೆ, ಹೇಳಿ? ಚೀಟಿಯಲ್ಲಿ "ಮದ್ಯಪಾನದಿಂದ ಲಿವರ್ ಸಿರೋಸಿಸ್" ಅಂತ ಬರೆದಾಯಿತು, ಅಂದರೆ ಕುಡಿದು ಕುಡಿದು ಲಿವರ್ ಕಲೆಗಟ್ಟಿ ಗಟ್ಟಿಯಾಗಿದೆ ಅಂತ. ಹೆಂಡತಿ ಮಂಜುನಾಥನ ಮೇಲೆ ಆಣೆ ಮಾಡಿ ಹೇಳಿದರೂ ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ಮನೆಯವರು ಒಪ್ಪುತ್ತಿಲ್ಲ" ಅಂತ ಇನ್ನೊಂದು ಸಾಲು ಬಿತ್ತು. ಮಾವನ ಮನೆಯವರು ಚೀಟಿಯನ್ನೇ ನಂಬಿದರು. ಕುಡಿತ ಬಿಡಿಸುವ ಪುಡಿ ತಂದು ಸಾರಿಗೆ ಬೆರೆಸಿದ್ದೂ ಆಯಿತಂತೆ. ಹೇಳುವಾಗ ಮೇಸ್ತ್ರಿ ನಕ್ಕರು. ಹೆಂಡತಿ ನಗಲಿಲ್ಲ.

ಸಮಸ್ಯೆ

ನಮ್ಮಲ್ಲಿಗೆ ಬರುವ ಹೊತ್ತಿಗೆ ಏಳು ಸಲ ಹೊಟ್ಟೆಯಿಂದ ನೀರು ತೆಗೆಸಿದ್ದರು, ಒಂದೊಂದು ಸಲಕ್ಕೆ ನಾಲ್ಕೈದು ಲೀಟರ್. ಮೂತ್ರ ಹೋಗುವ ಮಾತ್ರೆ ಎರಡು ಬಗೆಯದು ನಡೆಯುತ್ತಿತ್ತು. ಆದರೂ ಮೂರು ವಾರಕ್ಕೆ ನೀರು ಮತ್ತೆ ತುಂಬುತ್ತಿತ್ತು. ಲಿವರ್ ವಿಭಾಗದವರು ಟಿಪ್ಸ್ ಎನ್ನುವ ಚಿಕಿತ್ಸೆ ಮಾಡಬಹುದಾ ಅಂತ ಯೋಚಿಸುತ್ತಿದ್ದರು. ಲಿವರಿನೊಳಗೆ ಸಣ್ಣ ಕೊಳವೆ ಕೂರಿಸಿ, ಅಲ್ಲಿ ಕಟ್ಟಿಕೊಂಡ ರಕ್ತವನ್ನು ನೇರ ಹೃದಯದ ಕಡೆ ಹರಿಸುವ ದಾರಿ ಅದು. ನಿಜವಾದ ಸಿರೋಸಿಸ್‌ಗೆ ಒಳ್ಳೆಯ ಉಪಾಯ. ಇವರಿಗೆ ಮಾಡಿದ್ದರೆ ಏನಾಗುತ್ತಿತ್ತು ಅನ್ನುವುದು ಮುಂದೆ ಗೊತ್ತಾಗುತ್ತದೆ.

ಫೈಲು ಎರಡು ಇಂಚು ದಪ್ಪ ಇತ್ತು. ಆಮೇಲೆ ಅದನ್ನು ಮೊದಲಿಂದ ಓದಿದಾಗ ನಾಲ್ಕು ಸಂಗತಿ ಕಣ್ಣಿಗೆ ಹೊಡೆದವು.

ಎಂಡೋಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳ ಉಬ್ಬಿರಲಿಲ್ಲ. ಇಷ್ಟು ಮುಂದುವರಿದ ಸಿರೋಸಿಸ್‌ನಲ್ಲಿ ಉಬ್ಬಿರದೇ ಇರುವುದು ಅಪರೂಪ. ಸ್ಕ್ಯಾನಿಂಗ್ ರಿಪೋರ್ಟಿನ ಎರಡನೇ ಪುಟದಲ್ಲಿ ಲಿವರಿನಿಂದ ಹೊರಡುವ ರಕ್ತನಾಳಗಳು ಅಗಲವಾಗಿವೆ ಅಂತ ಇತ್ತು. ಸಿರೋಸಿಸ್‌ನಲ್ಲಿ ಅವು ಸಾಮಾನ್ಯವಾಗಿ ಕಿರಿದಾಗುತ್ತವೆ. ಮೂರನೆಯದು ಹೊಟ್ಟೆನೀರಿನ ಪರೀಕ್ಷೆ. ಆಲ್ಬುಮಿನ್ ಅನ್ನುವ ಪ್ರೋಟೀನ್ ರಕ್ತದಲ್ಲಿ 3.4, ನೀರಿನಲ್ಲಿ 1.9, ಕಳೆದರೆ 1.5. ಇದು 1.1ಕ್ಕಿಂತ ಜಾಸ್ತಿ ಇದ್ದರೆ ಲಿವರಿನ ರಕ್ತನಾಳದಲ್ಲಿ ಒತ್ತಡ ಹೆಚ್ಚಿದೆ ಅಂತ ಅರ್ಥ. ಅಲ್ಲಿಗೇ ಎಲ್ಲರೂ ನಿಂತರು. ಅದರ ಕೆಳಗಿನ ಸಾಲಿನಲ್ಲಿ ನೀರಿನ ಒಟ್ಟು ಪ್ರೋಟೀನ್ 4.1 ಅಂತ ಇತ್ತು. ಸಿರೋಸಿಸ್‌ನ ನೀರಿನಲ್ಲಿ ಅದು ಸಾಮಾನ್ಯವಾಗಿ 2.5ಕ್ಕಿಂತ ಕಡಿಮೆ. ಒತ್ತಡವೂ ಜಾಸ್ತಿ, ಪ್ರೋಟೀನೂ ಜಾಸ್ತಿ ಅಂದರೆ ತಡೆ ಇರುವುದು ಲಿವರಿನಲ್ಲಲ್ಲ, ಅದಕ್ಕೂ ಮುಂದೆ, ಹೃದಯದ ಹತ್ತಿರ ಎಲ್ಲೋ. ನಾಲ್ಕನೆಯದು ಆ ಕಾಲು. ಹೃದಯದ ಬಹುಪಾಲು ಕಾಯಿಲೆಗಳಲ್ಲಿ ನೀರು ಮೊದಲು ಕಾಲಿಗೆ ಇಳಿಯುತ್ತದೆ, ಆದ್ದರಿಂದ ಕಾಲು ಬಾತಿಲ್ಲ ಅಂದರೆ ಹೃದಯದ್ದಲ್ಲ ಅಂತ ಪಕ್ಕಕ್ಕಿಟ್ಟಿದ್ದರು. ಕಾಲಿಗಿಂತ ಮೊದಲು ಹೊಟ್ಟೆಗೇ ನೀರು ತುಂಬುವ ಹೃದಯದ ಕಾಯಿಲೆ ಒಂದಿದೆ. ಯಾರಿಗೂ ಅದರ ನೆನಪಾಗಲಿಲ್ಲ.

ಇಷ್ಟೆಲ್ಲ ಇದ್ದೂ ಯಾಕೆ ಕಾಣಲಿಲ್ಲ? ಎರಡು ಪರೀಕ್ಷೆಗಳು ದಾರಿ ತಪ್ಪಿಸಿದವು. ಒಂದು ಫೈಬ್ರೋಸ್ಕ್ಯಾನ್. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುತ್ತದೆ. ಇವರದ್ದು 32 ಬಂತು. 12–13 ದಾಟಿದರೇ ಸಿರೋಸಿಸ್ ಅನ್ನುವ ರೂಢಿ, ಹಾಗಾಗಿ ಇನ್ನು ಮಾತೇ ಇಲ್ಲ ಅಂತಾಯಿತು. ರಕ್ತ ಕಟ್ಟಿಕೊಂಡು ಬಿಗಿದ ಲಿವರೂ ಹಾಗೇ ಗಟ್ಟಿ ತೋರಿಸುತ್ತದೆ. ನೀರು ತುಂಬಿದ ಬಲೂನು ಒತ್ತಿದರೆ ಗಟ್ಟಿ ಅನಿಸುವುದಿಲ್ಲವೇ, ಹಾಗೆ. ಇನ್ನೊಂದು ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್. "ಪಂಪಿಂಗ್ 60 ಪರ್ಸೆಂಟ್, ನಾರ್ಮಲ್" ಅಂತ ರಿಪೋರ್ಟ್. ಅದು ಸುಳ್ಳಲ್ಲ. ಈ ಹೃದಯಕ್ಕೆ ರಕ್ತ ಹೊರಗೆ ತಳ್ಳುವ ತೊಂದರೆ ಇರಲಿಲ್ಲ, ಒಳಗೆ ತುಂಬಿಕೊಳ್ಳುವ ತೊಂದರೆ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ, ಎಕೋದವರು ಹೇಳಿರಲಿಲ್ಲ.

ಗಡ್ಡ ಕೆರೆಯುವಾಗ

ತಿರುವು ಬಂದದ್ದು ಒಂದು ಬೆಳಿಗ್ಗೆ ಆರೂಮುಕ್ಕಾಲಿಗೆ. ಮೆಡಿಸಿನ್ ವಾರ್ಡಿನ ಮೊದಲ ವರ್ಷದ ಪಿಜಿ ವಿದ್ಯಾರ್ಥಿನಿ ಒಬ್ಬರು ರಕ್ತದ ಸ್ಯಾಂಪಲ್ ತೆಗೆಯಲು ಬಂದಿದ್ದರು. ಮೇಸ್ತ್ರಿ ಹಾಸಿಗೆಯಲ್ಲಿ ಇರಲಿಲ್ಲ. ಕಿಟಕಿಯ ಸರಳಿಗೆ ಚಿಕ್ಕ ಕನ್ನಡಿ ಸಿಕ್ಕಿಸಿ, ನಿಂತುಕೊಂಡು ಗಡ್ಡ ಕೆರೆಯುತ್ತಿದ್ದರು. ಗಲ್ಲ ಮೇಲೆತ್ತಿ ಕತ್ತಿನ ಮೇಲೆ ಬ್ಲೇಡು ಎಳೆಯುವಾಗ, ಬಲಗಡೆ ಕಿವಿಯ ಕೆಳಗಿಂದ ಕೊರಳಿನವರೆಗೆ ನರ ಬೆರಳು ದಪ್ಪ ಎದ್ದಿತ್ತು. ಅದು ಸುಮ್ನೆ ಉಬ್ಬಿ ನಿಂತಿರಲಿಲ್ಲ. ಪ್ರತಿ ಬಡಿತಕ್ಕೂ ಒಮ್ಮೆ ಪಟ್ಟನೆ ಕುಸಿದು ಮತ್ತೆ ತುಂಬುತ್ತಿತ್ತು, ಕಣ್ಣು ಮಿಟುಕಿಸಿದ ಹಾಗೆ. ಉಸಿರು ಎಳೆದಾಗ ಕತ್ತಿನ ನರ ಇಳಿಯಬೇಕು. ಇವರದ್ದು ಇನ್ನಷ್ಟು ಉಬ್ಬುತ್ತಿತ್ತು.

ಫೈಲಿನಲ್ಲಿ ಮೂರು ಕಡೆ "ಕತ್ತಿನ ನರ ಉಬ್ಬಿಲ್ಲ" ಅಂತ ಬರೆದಿತ್ತು. ಬರೆದವರು ಸೋಮಾರಿಗಳಲ್ಲ. ರೂಢಿಯಂತೆ ರೋಗಿಯನ್ನು ಅರ್ಧ ಒರಗಿಸಿ ನೋಡಿದ್ದರು. ಒತ್ತಡ ಎಷ್ಟು ಜಾಸ್ತಿ ಇತ್ತೆಂದರೆ, ಒರಗಿದಾಗ ರಕ್ತದ ಮಟ್ಟ ದವಡೆಗಿಂತ ಮೇಲೆ ಹೋಗಿ, ಕತ್ತು ಪೂರ್ತಿ ತುಂಬಿ, ಮಿಡಿತವೇ ಕಾಣುತ್ತಿರಲಿಲ್ಲ. ನಿಲ್ಲಿಸಿದರೆ ಮಾತ್ರ ಆ ಮಟ್ಟ ಕಣ್ಣಿಗೆ ಬೀಳುವಷ್ಟು ಕೆಳಗೆ ಬರುತ್ತಿತ್ತು. ಮುಂದುವರಿದ ಕಾಯಿಲೆ ತನ್ನ ಲಕ್ಷಣವನ್ನು ತಾನೇ ಮುಚ್ಚಿಡುವುದು ಹೀಗೆ.

ಆ ಹುಡುಗಿ ರೌಂಡ್ಸ್‌ನಲ್ಲಿ ಹೇಳಿದಾಗ ಮೊದಲು ಒಬ್ಬಿಬ್ಬರು ನಕ್ಕರಂತೆ. ಪ್ರೊಫೆಸರ್ ನಗಲಿಲ್ಲ. "ಮೇಸ್ತ್ರಿ, ಎದ್ದು ನಿಂತ್ಕೊಳ್ಳಿ" ಅಂದರು. ಅದೇ ದಿನ ಪಕ್ಕದಿಂದ ಒಂದು ಎಕ್ಸ್-ರೇ ತೆಗೆಸಿದರು. ಅಲ್ಲಿಯವರೆಗೆ ತೆಗೆದದ್ದೆಲ್ಲ ಎದುರಿನಿಂದ ತೆಗೆದವು. ಪಕ್ಕದ ಫಿಲಂನಲ್ಲಿ ಹೃದಯದ ಕೆಳಗಡೆ ಬಿಳಿ ಗೆರೆ, ಮೊಟ್ಟೆಯ ಚಿಪ್ಪಿನ ಅಂಚಿನ ಹಾಗೆ. ಎರಡೂವರೆ ವರ್ಷದ ಓಡಾಟಕ್ಕೆ ಉತ್ತರ ಒಂದು ಮಾಮೂಲಿ ಎಕ್ಸ್-ರೇಯಲ್ಲಿತ್ತು.

ಹೃದಯದ ಸುತ್ತ ಒಂದು ಚೀಲ ಇದೆ, ಪೆರಿಕಾರ್ಡಿಯಂ. ಆರೋಗ್ಯವಂತರಲ್ಲಿ ಒಂದೆರಡು ಮಿಲಿಮೀಟರ್ ದಪ್ಪ, ಒಳಗೆ ಜಾರುವಂಥದ್ದು. ಅದಕ್ಕೆ ಉರಿಯೂತ ಬಂದು ವರ್ಷಗಟ್ಟಲೆ ಗಾಯ ಮಾಗುತ್ತಾ ಹೋದರೆ ದಪ್ಪಗಾಗಿ, ಸುಣ್ಣ ಕಟ್ಟಿ, ತೆಂಗಿನ ಕರಟದ ಹಾಗೆ ಆಗಿಬಿಡುತ್ತದೆ. ಒಳಗಿನ ಹೃದಯ ಹಿಗ್ಗಲಾರದು. ವಾಪಸ್ ಬರಬೇಕಾದ ರಕ್ತ ಹಿಂದೆ ನಿಲ್ಲುತ್ತದೆ, ಮೊದಲ ಏಟು ಲಿವರಿಗೆ. ಇದು ಕನ್‌ಸ್ಟ್ರಿಕ್ಟಿವ್ ಪೆರಿಕಾರ್ಡೈಟಿಸ್. ಲಿವರ್ ಕಾಯಿಲೆಯ ವೇಷದಲ್ಲಿ ಬರುವುದು ಇದಕ್ಕೆ ಹೊಸದೂ ಅಲ್ಲ. 1896ರಲ್ಲೇ ಪ್ರಾಗ್‌ನ ವೈದ್ಯ ಫ್ರೀಡೆಲ್ ಪಿಕ್ ಇದನ್ನು ಪೆರಿಕಾರ್ಡಿಯಂನಿಂದ ಬಂದ ಹುಸಿ ಸಿರೋಸಿಸ್ ಅಂತ ಕರೆದಿದ್ದರು. ಅದೇ ವರ್ಷ ಫ್ರಾಂಕ್‌ಫರ್ಟ್‌ನಲ್ಲಿ ಸರ್ಜನ್ ಲುಡ್ವಿಗ್ ರೆನ್ ಚೂರಿ ಇರಿತಕ್ಕೆ ಸಿಕ್ಕ ಹೃದಯಕ್ಕೆ ಹೊಲಿಗೆ ಹಾಕಿ ರೋಗಿಯನ್ನು ಉಳಿಸಿದ್ದರು. 1913ರಲ್ಲಿ ಇದೇ ರೆನ್ ಮತ್ತು ಸಾವರ್‌ಬ್ರುಖ್ ಎನ್ನುವ ಇನ್ನೊಬ್ಬ ಜರ್ಮನ್ ಸರ್ಜನ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಗಟ್ಟಿಯಾದ ಆ ಚೀಲ ಸುಲಿದು ತೆಗೆಯುವ ಆಪರೇಷನ್ ಮಾಡಿದರು. ಅಂದರೆ ಹಾರ್ಟ್-ಲಂಗ್ ಮೆಷಿನ್ ಹುಟ್ಟುವುದಕ್ಕೆ 40 ವರ್ಷ ಮೊದಲು.

ಟಿಪ್ಸ್ ಮಾಡಿದ್ದರೆ ಏನಾಗುತ್ತಿತ್ತು ಅನ್ನುವುದು ಈಗ ಗೊತ್ತಾಯಿತಲ್ಲ. ತುಂಬಿಕೊಳ್ಳಲು ಜಾಗವೇ ಇಲ್ಲದ ಹೃದಯಕ್ಕೆ ಇನ್ನಷ್ಟು ರಕ್ತ ನೂಕಿದ ಹಾಗಾಗುತ್ತಿತ್ತು.

ಖಚಿತ ಮಾಡಿಕೊಂಡದ್ದು

ಎರಡನೇ ಎಕೋಗೆ ಕಳಿಸುವಾಗ ಚೀಟಿಯಲ್ಲಿ ಪ್ರಶ್ನೆಯನ್ನು ಸ್ಪಷ್ಟವಾಗಿ ಬರೆದರು. ಅದೇ ಮೆಷಿನ್, ಅದೇ ರೋಗಿ, ಈ ಸಲ ಎಲ್ಲ ಕಂಡಿತು. ಎರಡು ಕೋಣೆಗಳ ನಡುವಿನ ಗೋಡೆ ಪ್ರತಿ ಬಡಿತಕ್ಕೂ ಎಗರುತ್ತಿತ್ತು. ಉಸಿರಿನ ಜೊತೆ ಎಡಗಡೆ ಒಳಬರುವ ರಕ್ತದ ವೇಗ 34 ಪರ್ಸೆಂಟ್ ಏರಿಳಿಯುತ್ತಿತ್ತು. ಕೆಳಗಿನ ಮಹಾಸಿರೆ 27 ಮಿಲಿಮೀಟರ್ ಅಗಲ, ಉಸಿರೆಳೆದರೂ ಕುಗ್ಗುತ್ತಿರಲಿಲ್ಲ. ಸಿ.ಟಿ.ಯಲ್ಲಿ ಚೀಲದ ದಪ್ಪ 7 ಮಿಲಿಮೀಟರ್.

ಇಲ್ಲೊಂದು ಮಾತು. ದಪ್ಪ ಕಾಣದಿದ್ದರೆ ಈ ಕಾಯಿಲೆ ಇಲ್ಲ ಅಂತ ಕೈಬಿಡಬಾರದು. ಅಮೆರಿಕದ ಮೇಯೋ ಕ್ಲಿನಿಕ್‌ನವರು 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆಪರೇಷನ್‌ನಲ್ಲಿ ಖಚಿತವಾದ 143 ಜನರಲ್ಲಿ 26 ಮಂದಿಗೆ ಚೀಲದ ದಪ್ಪ ಮಾಮೂಲಿಯಾಗಿಯೇ ಇತ್ತು.

ಕ್ಯಾತ್ ಲ್ಯಾಬ್‌ನಲ್ಲಿ ಹೃದಯದೊಳಕ್ಕೆ ಕೊಳವೆ ಕಳಿಸಿ ಒತ್ತಡ ಅಳೆದಾಗ ಅನುಮಾನ ಉಳಿಯಲಿಲ್ಲ. ಬಲ ಮೇಲ್ಕೋಣೆಯಲ್ಲಿ 22, ಬಡಿತಗಳ ನಡುವೆ ಬಲ ಕೆಳಕೋಣೆಯಲ್ಲಿ 23, ಎಡದಲ್ಲಿ 24. ಬೇರೆ ಬೇರೆ ಇರಬೇಕಾದ ಅಂಕಿಗಳೆಲ್ಲ ಒಂದೇ ಕಡೆ ಬಂದು ನಿಂತಿದ್ದವು. ಒಂದೇ ಡಬ್ಬಿಯೊಳಗೆ ಸಿಕ್ಕಿಕೊಂಡ ನಾಲ್ಕು ಕೋಣೆಗಳ ಲಕ್ಷಣ ಇದು.

ಕಾರಣ ಸಿಕ್ಕಿದ್ದು ಮೆಷಿನ್‌ನಿಂದಲ್ಲ. ಕುಡಿತದ ಪ್ರಶ್ನೆ ಬಿಟ್ಟು "ಹಿಂದೆ ಎದೆ ಕಾಯಿಲೆ ಏನಾದರೂ ಬಂದಿತ್ತಾ?" ಅಂತ ಕೇಳಿದೆವು. ಮೇಸ್ತ್ರಿಗೆ ನೆನಪಿರಲಿಲ್ಲ. ನೋಡಲು ಬಂದಿದ್ದ ಅವರ ಅಕ್ಕನಿಗೆ ನೆನಪಿತ್ತು: "ಮದುವೆಗೆ ಮುಂಚೆ ಒಂದ್ಸಲ ಜ್ವರ ಬಂದು ಎದೇಲಿ ನೀರು ತುಂಬಿತ್ತು ಸರ್. ಮಾತ್ರೆ ಕೊಟ್ಟಿದ್ರು. ಉಚ್ಚೆ ಕೆಂಪಗೆ ಹೋಗುತ್ತೆ ಅಂತ ಹೆದರ್ಕೊಂಡಿದ್ದ. ಎರಡು ತಿಂಗಳು ತಿಂದು, ಮೈ ಹುಷಾರಾಯ್ತು ಅಂತ ಬಿಟ್ಟು ಗೋವಾಕ್ಕೆ ಕೆಲಸಕ್ಕೆ ಹೋದ." ಮೂತ್ರ ಕೆಂಪಾಗುವುದು ರಿಫಾಂಪಿಸಿನ್ ಎನ್ನುವ ಟಿಬಿ ಔಷಧಿಯಿಂದ. ಅಂದರೆ ಟಿಬಿ, ಆರು ತಿಂಗಳ ಮಾತ್ರೆ, ಎರಡೇ ತಿಂಗಳಿಗೆ ನಿಂತಿತ್ತು. ನಮ್ಮ ದೇಶದಲ್ಲಿ ಈ ಕಾಯಿಲೆಗೆ ಟಿಬಿಯೇ ದೊಡ್ಡ ಕಾರಣ. ಅಕ್ಕನ ಆ ಒಂದು ಮಾತು 17 ವರ್ಷದ ಹಿಂದಿನ ಕೇಸ್ ಶೀಟಿನ ಕೆಲಸ ಮಾಡಿತು.

ಆಪರೇಷನ್ ಮಾಡಬೇಕಾ

ಈ ಹಂತದಲ್ಲಿ ರೋಗಿ ನಮ್ಮ ವಿಭಾಗಕ್ಕೆ ಬಂದರು, ಜಗಳವೂ ಶುರುವಾಯಿತು. ನಮ್ಮಲ್ಲಿ ಒಬ್ಬ ಹಿರಿಯರು ಬೇಡ ಅಂದರು. ಅವರ ವಾದ ಪೊಳ್ಳಲ್ಲ. ಸುಣ್ಣ ಕಟ್ಟಿದೆ, ರೋಗಿ ಸೊರಗಿದ್ದಾರೆ, ಕಾಮಾಲೆ ಎಷ್ಟಿದೆ ಅಂತ ತೋರಿಸುವ ಬಿಲಿರುಬಿನ್ 2.1, ರಕ್ತ ಹೆಪ್ಪುಗಟ್ಟುವುದು ನಿಧಾನ. ಯುರೋಪಿನ 2015ರ ಮಾರ್ಗಸೂಚಿಯೇ ಈ ಆಪರೇಷನ್‌ನಲ್ಲಿ ಸಾವಿನ ಪ್ರಮಾಣ 6ರಿಂದ 12 ಪರ್ಸೆಂಟ್ ಅನ್ನುತ್ತದೆ, ಇಂಥ ತಡವಾದ ಕೇಸುಗಳಲ್ಲಿ ಅದಕ್ಕಿಂತ ಜಾಸ್ತಿ. ಇನ್ನೊಂದು ಕಡೆಯ ವಾದ: ಹೃದಯದ ಮಾಂಸ ಇನ್ನೂ ಚೆನ್ನಾಗಿ ಬಡಿಯುತ್ತಿದೆ, ಲಿವರ್ ಕೆಟ್ಟಿರುವುದು ರಕ್ತ ಕಟ್ಟಿಕೊಂಡು, ವಯಸ್ಸು 41. ಮಾಡದಿದ್ದರೆ ಮುಂದಿನ ವರ್ಷ ಇದಕ್ಕಿಂತ ಕೆಟ್ಟದಾಗಿರುತ್ತಾರೆ. ಕೊನೆಗೆ 12 ದಿನ ತಯಾರಿ ಅಂತ ಒಪ್ಪಂದವಾಯಿತು. ನೀರು ಇಳಿಸುವುದು, ಮೊಟ್ಟೆ-ಬೇಳೆ ತಿನ್ನಿಸುವುದು, ವಿಟಮಿನ್ ಕೆ ಕೊಡುವುದು, ಆಮೇಲೆ ನೋಡುವುದು. 12 ದಿನದಲ್ಲಿ ಬಿಲಿರುಬಿನ್ 1.4ಕ್ಕೆ ಬಂತು. ಲಿವರ್ ಸ್ಪಂದಿಸುತ್ತಿದೆ ಅಂದಮೇಲೆ ಹಿರಿಯರೂ ಒಪ್ಪಿದರು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುಂಚೆ ಅವರದೇ ಕಸುಬಿನ ಮಾತಿನಲ್ಲಿ ಹೇಳಿದೆ. "ನಿಮ್ಮ ಹೃದಯದ ಸುತ್ತ ಯಾರೋ ಪ್ಲಾಸ್ಟರಿಂಗ್ ಮಾಡಿದ ಹಾಗಾಗಿದೆ ಮೇಸ್ತ್ರಿ. ಅದನ್ನ ಕೆತ್ತಿ ತೆಗೀಬೇಕು."

ಅವರು ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಎಷ್ಟು ವರ್ಷದ ಗಾರೆ ಸರ್?"

"ಹತ್ತು ವರ್ಷದ ಮೇಲೇ ಇರಬೇಕು."

"ಹಳೇ ಗಾರೆ ಕೆತ್ತುವಾಗ ಇಟ್ಟಿಗೆ ಮುಖಾನೂ ಕಿತ್ಕೊಂಡು ಬರುತ್ತೆ. ಬಿಡಿಸೋಕೆ ಬರದ ಕಡೆ ನಾವು ಹಾಗೇ ಬಿಟ್ಟುಬಿಡ್ತೀವಿ."

ಈ ಆಪರೇಷನ್‌ನ ಮುಖ್ಯ ಅಪಾಯವೂ, ಅದಕ್ಕೆ ಮುಖ್ಯ ಉಪಾಯವೂ ಇದೇ. ಇಷ್ಟು ಸರಿಯಾಗಿ ಅರ್ಥಮಾಡಿಕೊಂಡು ಸಹಿ ಹಾಕಿದ ರೋಗಿಯನ್ನು ನಾನು ಹೆಚ್ಚು ನೋಡಿಲ್ಲ.

ಎದೆಮೂಳೆ ಸೀಳಿ ಒಳಗೆ ಹೋದೆವು. ಹಾರ್ಟ್-ಲಂಗ್ ಮೆಷಿನ್ ತಯಾರಿತ್ತು, ಆದರೆ ಹಚ್ಚಲಿಲ್ಲ. ಹಚ್ಚಿದರೆ ರಕ್ತ ತೆಳುವಾಗಿಸುವ ಹೆಪಾರಿನ್ ಕೊಡಬೇಕು, ಸುಲಿದ ಮೈಯೆಲ್ಲ ಜಿನುಗುತ್ತದೆ. ಮೊದಲು ಎಡ ಕೆಳಕೋಣೆ ಬಿಡಿಸಿದೆವು, ಆಮೇಲೆ ಬಲ. ಈ ಸರದಿ ತಪ್ಪಬಾರದು. ಬಲಗಡೆ ಮೊದಲು ಬಿಡುಗಡೆಯಾದರೆ ಅದು ಶ್ವಾಸಕೋಶಕ್ಕೆ ರಕ್ತ ತಳ್ಳುತ್ತದೆ, ಎಡಗಡೆ ಇನ್ನೂ ಕಟ್ಟಿಹಾಕಿರುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಎರಡೂ ಪಕ್ಕ ಉಸಿರಾಟದ ಸ್ನಾಯುವಿಗೆ ಹೋಗುವ ಫ್ರೆನಿಕ್ ನರದವರೆಗೆ, ಕೆಳಗೆ ಆ ಸ್ನಾಯುವಾದ ವಪೆಯ ಮೇಲಿನ ಭಾಗವನ್ನೂ ಸುಲಿದೆವು. ಮೇಲ್ಕೋಣೆ-ಕೆಳಕೋಣೆ ಸೇರುವ ಸಂದಿಯಲ್ಲಿ ಸುಣ್ಣ ಮಾಂಸದೊಳಕ್ಕೇ ಇಳಿದಿತ್ತು. ಅಲ್ಲೊಂದು ಕಡೆ ಬಿಡಿಸಲು ಹೋಗಿ ಬಲಕೋಣೆ ಸಣ್ಣದಾಗಿ ಹರಿಯಿತು. ಬೆರಳಿಟ್ಟು ತಡೆದು, ಫೆಲ್ಟ್ ತುಂಡು ಇಟ್ಟು ಹೊಲಿದೆವು. ಉಳಿದ ಸುಣ್ಣದ ಸುತ್ತ ಕತ್ತರಿಸಿ, ರೂಪಾಯಿ ನಾಣ್ಯದಷ್ಟು ಒಂದು ತುಂಡನ್ನು ಹಾಗೇ ಬಿಟ್ಟೆವು. ಮೇಸ್ತ್ರಿ ಹೇಳಿದ ಹಾಗೆ.

ಟೇಬಲ್ ಮೇಲೇ ಸಿರೆಯ ಒತ್ತಡ 24ರಿಂದ 11ಕ್ಕೆ ಇಳಿಯಿತು. ತಂಡದಲ್ಲಿ ಎಲ್ಲರಿಗೂ ಖುಷಿ. ಸ್ವಲ್ಪ ಬೇಗ ಖುಷಿಪಟ್ಟೆವು.

ಎರಡನೇ ರಾತ್ರಿ

ಐಸಿಯುನಲ್ಲಿ ಎರಡನೇ ರಾತ್ರಿ ಬಿಪಿ 80ಕ್ಕೆ ಬಂತು, ಮೂತ್ರ ಕಡಿಮೆಯಾಯಿತು. ಆಪರೇಷನ್ ಆದ ರೋಗಿಗೆ ಹೀಗಾದರೆ ಕೈ ತಾನಾಗಿ ಡ್ರಿಪ್ ಕಡೆ ಹೋಗುತ್ತದೆ. ಇನ್ನೂರೈವತ್ತು ಎಂಎಲ್‌ನಂತೆ ಎರಡು ಸಲ ಕೊಟ್ಟೆವು. ಬಿಪಿ ಏರಲಿಲ್ಲ, ಸಿರೆಯ ಒತ್ತಡ 18ಕ್ಕೆ ಹೋಯಿತು. ಎಕೋ ಮಾಡಿದರೆ ಬಲಕೋಣೆ ಊದಿಕೊಂಡು ಕವಾಟ ಸೋರುತ್ತಿತ್ತು. ಇದು ನಮ್ಮದೇ ತಪ್ಪು, ಬೇರೆ ಯಾರದ್ದೂ ಅಲ್ಲ. ವರ್ಷಗಟ್ಟಲೆ ಕರಟದೊಳಗೆ ಇದ್ದ ಹೃದಯದ ಮಾಂಸ, ತಿಂಗಳುಗಟ್ಟಲೆ ಪ್ಲಾಸ್ಟರ್ ಹಾಕಿದ ಕಾಲಿನ ಹಾಗೆ ಸೊರಗಿರುತ್ತದೆ. ಬಿಚ್ಚಿದ ಕೂಡಲೇ ಅದಕ್ಕೆ ಭಾರ ಹೊರಿಸಬಾರದು ಅನ್ನುವುದು ನಮಗೆ ಗೊತ್ತಿತ್ತು. ರಾತ್ರಿ ಎರಡು ಗಂಟೆಗೆ ಗೊತ್ತಿದ್ದದ್ದು ನೆನಪಾಗಲಿಲ್ಲ, ಅಷ್ಟೇ. ನೀರು ನಿಲ್ಲಿಸಿ, ಹೃದಯಕ್ಕೆ ಬಲ ಕೊಡುವ ಔಷಧಿ ಹಚ್ಚಿ, ಮೂತ್ರ ಹೋಗುವ ಔಷಧಿ ಡ್ರಿಪ್‌ನಲ್ಲೇ ನಿಧಾನವಾಗಿ ಬಿಟ್ಟೆವು. ಮೂರನೇ ದಿನ ಸಂಜೆಯಿಂದ ಮೂತ್ರ ಬರಲು ಶುರುವಾಯಿತು, ದಿನಕ್ಕೆ ನಾಲ್ಕು ಲೀಟರ್ ದಾಟಿತು. ಆರನೇ ದಿನ ಐಸಿಯುನಿಂದ ಹೊರಗೆ ಬಂದರು. ಈಗ ನಮ್ಮ ಐಸಿಯುನಲ್ಲಿ ಈ ಆಪರೇಷನ್ ಆದವರ ಮಂಚಕ್ಕೆ ಕೆಂಪು ಚೀಟಿ ಅಂಟಿಸುತ್ತೇವೆ: ಕೇಳದೆ ನೀರು ಕೊಡಬೇಡಿ.

ಬಯಾಪ್ಸಿಯಲ್ಲಿ ಹಳೆಯ ನಾರು, ಸುಣ್ಣ ಅಷ್ಟೇ ಇತ್ತು. ಟಿಬಿ ರೋಗಾಣುವಿನ ಸುಳಿವಿಲ್ಲ, ಟಿಬಿ ಪತ್ತೆಹಚ್ಚುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ನೆಗೆಟಿವ್, ಕಲ್ಚರ್ ಕೂಡ ನೆಗೆಟಿವ್. ಹಾಗಾದರೆ ಟಿಬಿ ಮಾತ್ರೆ ಮತ್ತೆ ಕೊಡಬೇಕಾ? ಅರ್ಧ ಬಿಟ್ಟದ್ದಲ್ಲವಾ, ಈಗಲಾದರೂ ಪೂರ್ತಿ ಮಾಡಿಸೋಣ ಅಂತ ಒಬ್ಬರ ಮಾತು. ಆದರೆ ಇದು ಆರಿಹೋದ ಕಾಯಿಲೆ, ಈಗಷ್ಟೇ ಚೇತರಿಸುತ್ತಿರುವ ಲಿವರಿಗೆ ಆ ಮಾತ್ರೆಗಳ ಭಾರ ಬೇರೆ. ಕೊಡಲಿಲ್ಲ, ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದೇವೆ. ಹೃದಯದ ಸುತ್ತ ಹಸಿ ಟಿಬಿ ನೀರು ಇರುವಾಗಿನ ಲೆಕ್ಕ ಬೇರೆ. ಆಫ್ರಿಕಾದ 1,400 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಇಂಪಿ ಅಧ್ಯಯನದಲ್ಲಿ ಟಿಬಿ ಮಾತ್ರೆ ಜೊತೆ ಉರಿಯೂತ ತಗ್ಗಿಸುವ ಪ್ರೆಡ್ನಿಸೋಲೋನ್ ಕೊಟ್ಟರೂ ಒಟ್ಟಾರೆ ಫಲಿತಾಂಶ ಬದಲಾಗಲಿಲ್ಲ. ಆದರೆ ಚೀಲ ಬಿಗಿದುಕೊಂಡವರು 7.8ರಿಂದ 4.4 ಪರ್ಸೆಂಟ್‌ಗೆ ಇಳಿದರು. ಎಚ್‌ಐವಿ ಇದ್ದವರಲ್ಲಿ ಮಾತ್ರ ಕ್ಯಾನ್ಸರ್ ಜಾಸ್ತಿ ಕಂಡಿತು. ಮೇಸ್ತ್ರಿಗೆ ಆ ಹಂತ ಗೋವಾದಲ್ಲೇ ದಾಟಿಹೋಗಿತ್ತು.

ಈಗ 14 ತಿಂಗಳಾಗಿದೆ. ತೂಕ 71 ಇದ್ದದ್ದು ನೀರು ಹೋಗಿ 58ಕ್ಕೆ ಇಳಿದು, ಈಗ ಊಟದಿಂದ 63. ಹೊಟ್ಟೆಗೆ ಒಮ್ಮೆಯೂ ಸೂಜಿ ಹಾಕಿಲ್ಲ. ಫೈಬ್ರೋಸ್ಕ್ಯಾನ್ 32ರಿಂದ 9ಕ್ಕೆ ಬಂದಿದೆ. ಲಿವರಿಗೆ ಸ್ವಲ್ಪ ಕಲೆ ಉಳಿದಿದೆ, ಮೂತ್ರದ ಮಾತ್ರೆ ದಿನಕ್ಕೊಂದು ಮುಂದುವರಿದಿದೆ. ಭಾರ ಎತ್ತುವುದಿಲ್ಲ, ಬೇರೆಯವರ ಕೈಲಿ ಕೆಲಸ ಮಾಡಿಸುತ್ತಾರೆ.

ಡಿಸ್ಚಾರ್ಜ್ ದಿನ ಅವರು ಒಂದೇ ಒಂದು ಕೇಳಿಕೊಂಡರು. ಹಳೇ ಚೀಟಿಗಳಲ್ಲಿ ಕುಡಿತ ಅಂತ ಬರೆದಿದ್ದನ್ನು ಹೊಡೆದುಹಾಕಲು ಆಗುತ್ತದಾ? ಬೇರೆ ಆಸ್ಪತ್ರೆಯ ಕಾಗದ, ನಾವು ಮುಟ್ಟುವ ಹಾಗಿಲ್ಲ. ನಮ್ಮ ಡಿಸ್ಚಾರ್ಜ್ ಶೀಟಿನ ಮೊದಲ ಸಾಲಿನಲ್ಲೇ "ರೋಗಿಗೆ ಮದ್ಯಪಾನದ ಅಭ್ಯಾಸ ಯಾವತ್ತೂ ಇರಲಿಲ್ಲ, ಲಿವರ್ ತೊಂದರೆ ಹೃದಯದ ಚೀಲದಿಂದ ಬಂದದ್ದು" ಅಂತ ಕನ್ನಡದಲ್ಲಿ ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಟ್ಟೆವು. ಅವರ ಹೆಂಡತಿ ಗೇಟಿನ ಎದುರಿನ ಅಂಗಡಿಯಲ್ಲಿ ಅದನ್ನು ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ತವರಿಗೆ ಕಳಿಸಿದರಂತೆ.